ಸಮುದ್ರವಿಲ್ಲದ ಸೀಮೆಯಲ್ಲಿ ಅಂಬಲಿಮೀನು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ — ಈ ಊರುಗಳ ಹೆಸರು ಹೇಳಿದೊಡನೆ ವಾಚಕರ ಕಣ್ಣಮುಂದೆ ನಿಲ್ಲುವುದು ಹಾಸುಗಲ್ಲು, ಸುಣ್ಣದಕಲ್ಲಿನ ಗಣಿ, ತೊಗರಿಯ ಹೊಲ, ಸಿಮೆಂಟಿನ ಚಿಮಣಿ, ಇಷ್ಟೇ. ಇಲ್ಲಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗದೆ ಸಮುದ್ರ ಕಾಣಿಸದು. ಇಂಥ ಸೀಮೆಯ ಕಾಲೇಜೊಂದರಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಾವು ಅಂಬಲಿಮೀನಿನ ವಿಚಾರವಾಗಿ ಬರೆಯಹೊರಟಿರುವುದು ವಿಚಿತ್ರವಾಗಿ ತೋರಬಹುದು. ಆದರೆ ಕಳೆದ ವರ್ಷ ಬೇಸಗೆಯಲ್ಲಿ ನಮ್ಮ ಪ್ರಯೋಗಶಾಲೆಯ ಮೂಲೆಯಲ್ಲಿ ಮೂರು ಅಂಬಲಿಮೀನುಗಳು ಬದುಕಿದ್ದವು. ಅವುಗಳಲ್ಲಿ ಎರಡು ನಮ್ಮ ತಪ್ಪಿನಿಂದಲೇ ಸತ್ತವು. ಆ ತಪ್ಪು ಜೀವಶಾಸ್ತ್ರದ್ದಲ್ಲ, ನಾವು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದು ಕಲಿಸುವ ಭೌತವಿಜ್ಞಾನದ್ದು. ಆದುದರಿಂದ ಈ ಲೇಖನವನ್ನು ಬರೆಯುವ ಹೊಣೆ ನಮ್ಮದೇ ಆಯಿತು.

ಮೊದಲಿಗೆ ಹೆಸರಿನ ಗೊಂದಲ. ಅಂಬಲಿಮೀನು ಮೀನಲ್ಲ. ಅದಕ್ಕೆ ಬೆನ್ನೆಲುಬಿಲ್ಲ, ಕಿವಿರಿಲ್ಲ, ಹೃದಯವಿಲ್ಲ, ರಕ್ತವೂ ಇಲ್ಲ. ದೇಹದ ತೂಕದಲ್ಲಿ ನೂರಕ್ಕೆ ತೊಂಬತ್ತೈದು ಭಾಗ ನೀರು. ಎರಡು ತೆಳುವಾದ ಜೀವಕೋಶಪದರಗಳು, ಅವುಗಳ ನಡುವೆ ಗಂಜಿ ಹೆಪ್ಪುಗಟ್ಟಿದಂತಹ ಲೋಳೆ — ಇದೇ ಅದರ ಶರೀರ. ಇಷ್ಟು ಸರಳವಾದ ದೇಹರಚನೆಯಿಂದಲೇ ಅದು ಐವತ್ತು ಕೋಟಿ ವರ್ಷಗಳಿಂದ ಬಾಳಿಕೊಂಡು ಬಂದಿದೆ. ಕೆನಡಾ ದೇಶದ ಬರ್ಜೆಸ್ ಶೇಲ್ ಶಿಲೆಯಲ್ಲಿ ದೊರೆತ, 2023ರಲ್ಲಿ ವರ್ಣಿಸಲ್ಪಟ್ಟ ಬರ್ಜೆಸ್ಸೊಮೆಡುಸ ಎಂಬ ಪಳೆಯುಳಿಕೆಯ ವಯಸ್ಸು ಸುಮಾರು 50 ಕೋಟಿ 50 ಲಕ್ಷ ವರ್ಷ. ನಮ್ಮ ಮನೆಯಂಗಳದ ಶಹಾಬಾದಿ ಕಲ್ಲು ಅದಕ್ಕಿಂತಲೂ ಹಳೆಯದು. ಒಂದು ಕಾಲದಲ್ಲಿ ಇಲ್ಲಿಯೂ ಸಮುದ್ರವಿತ್ತು. ಆ ಸಮುದ್ರದ ತಳದಲ್ಲಿ ಕುಳಿತ ಸುಣ್ಣದ ಕೆಸರೇ ಇಂದು ನಾವು ತುಳಿದು ನಡೆಯುವ ಹಾಸುಗಲ್ಲು.

ಇನ್ನು ನಮ್ಮ ಮೂರು ಅತಿಥಿಗಳ ಪರಿಚಯ. ಅವು ಕ್ಯಾಸಿಯೋಪಿಯ ಎಂಬ ಕುಲಕ್ಕೆ ಸೇರಿದವು. ಉಷ್ಣವಲಯದ ಆಳವಿಲ್ಲದ ಸಮುದ್ರದಂಡೆಗಳಲ್ಲಿ, ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ, ಹುಲ್ಲುಹಾಸಿನಂತಹ ಮರಳಿನಲ್ಲಿ ವಾಸಿಸುತ್ತವೆ. ಈ ಕುಲದ ಆಂಡ್ರೊಮೆಡ ಎಂಬ ಪ್ರಭೇದವನ್ನು ಕೆಂಪು ಸಮುದ್ರದಲ್ಲಿ ಮೊದಲು ಕಂಡು ಬರೆದಿಟ್ಟವನು ಫೋರ್ಸ್ಕಾಲ್ ಎಂಬ ನಿಸರ್ಗಶಾಸ್ತ್ರಜ್ಞ. ಆತ 1763ರಲ್ಲಿ ಯೆಮನ್ ದೇಶದಲ್ಲಿ ಜ್ವರದಿಂದ ತೀರಿಕೊಂಡ. ಆತನ ಟಿಪ್ಪಣಿಗಳನ್ನು ಜೊತೆಗಾರ ನೀಬೂರ್ 1775ರಲ್ಲಿ ಅಚ್ಚು ಹಾಕಿಸಿದ. ಆ ಪ್ರವಾಸದ ತಂಡದಲ್ಲಿ ಊರಿಗೆ ಜೀವಂತ ಮರಳಿದವನು ನೀಬೂರ್ ಒಬ್ಬನೇ. ಪ್ರಾಣಿಗಳ ಹೆಸರುಗಳ ಹಿಂದೆ ಎಷ್ಟೋ ವೇಳೆ ಇಂಥ ಕತೆಗಳಿರುತ್ತವೆ.

ಸಾಮಾನ್ಯ ಅಂಬಲಿಮೀನು ಕೊಡೆಯಂತೆ ತೇಲುತ್ತದೆ. ಕ್ಯಾಸಿಯೋಪಿಯವಾದರೋ ತಲೆಕೆಳಗಾಗಿ ನೆಲದ ಮೇಲೆ ಮಲಗುತ್ತದೆ. ಕೊಡೆಯ ಬೆನ್ನು ನಡುವೆ ತುಸು ತಗ್ಗಾಗಿದ್ದು ತಳಕ್ಕೆ ಅಂಟಿಕೊಳ್ಳಲು ಅನುಕೂಲವಾಗಿದೆ. ಎಂಟು ಕವಲೊಡೆದ ತೋಳುಗಳು ಹೂಕೋಸಿನಂತೆ ಮೇಲ್ಮುಖವಾಗಿ ಹರಡಿರುತ್ತವೆ. ನಡುವೆ ಒಂದು ದೊಡ್ಡ ಬಾಯಿಯಿಲ್ಲ. ತೋಳುಗಳ ತುಂಬ ಸಣ್ಣ ಸಣ್ಣ ಬಾಯಿಗಳಿವೆ. ಮಲಗಿದಲ್ಲಿಯೇ ಅದು ಕೊಡೆಯನ್ನು ಮುದುಡಿಸಿ ಬಿಚ್ಚುತ್ತ ಇರುತ್ತದೆ. ತೇಲುವ ಜಾತಿಯಲ್ಲಿ ಈ ಮಿಡಿತ ದೇಹವನ್ನು ಮುಂದೆ ತಳ್ಳುತ್ತದೆ. ಇಲ್ಲಿ ದೇಹ ನಿಂತಲ್ಲೇ ನಿಂತು ನೀರೇ ಮೇಲಕ್ಕೆ ಚಿಮ್ಮುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಕಲಿತ ವಿದ್ಯಾರ್ಥಿಗೆ ಎರಡೂ ಒಂದೇ ಕ್ರಿಯೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಎದ್ದ ನೀರಿನ ಹರಿವು ಆಹಾರವನ್ನು ತರುತ್ತದೆ, ಹೊಲಸನ್ನು ಒಯ್ಯುತ್ತದೆ.

ತಲೆಕೆಳಗಾಗಿ ಮಲಗುವುದಕ್ಕೆ ಕಾರಣವುಂಟು. ಅದರ ತೋಳುಗಳ ಜೀವಕೋಶಗಳೊಳಗೆ ಒಂದು ಬಗೆಯ ಏಕಕೋಶ ಪಾಚಿ ನೆಲೆಸಿರುತ್ತದೆ. ಇದನ್ನು ಫ್ರಾಯ್ಡೆಂತಾಲ್ ಎಂಬ ಅಮೆರಿಕದ ವಿಜ್ಞಾನಿ 1962ರಲ್ಲಿ ಕ್ಯಾಸಿಯೋಪಿಯದ ದೇಹದಿಂದಲೇ ಪಡೆದು ಸಿಂಬಿಯೋಡಿನಿಯಮ್ ಎಂದು ನಾಮಕರಣ ಮಾಡಿದ. ಪಾಚಿ ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸಿ ತಯಾರಿಸಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಅಂಬಲಿಮೀನು ಅದಕ್ಕೆ ಆಶ್ರಯವನ್ನೂ ಸಾರಜನಕದ ತ್ಯಾಜ್ಯವನ್ನೂ ಒದಗಿಸುತ್ತದೆ. ಬಾಡಿಗೆದಾರನೇ ಮನೆಯೊಡೆಯನಿಗೆ ಊಟ ಹಾಕುವ ಏರ್ಪಾಡು. ಆದಕಾರಣ ಬಿಸಿಲಿಗೆ ತೋಳು ಚಾಚಿ ಮಲಗುವುದೇ ಕ್ಯಾಸಿಯೋಪಿಯದ ದುಡಿಮೆ.

ಈ ಬಾಡಿಗೆದಾರನ ಪ್ರಾಮುಖ್ಯ ಸಂತಾನಕ್ರಮದಲ್ಲಿಯೂ ಕಾಣುತ್ತದೆ. ಗಂಡು ಹೆಣ್ಣು ಬೇರೆ ಬೇರೆ. ಫಲಿತ ಮೊಟ್ಟೆಯಿಂದ ಹೊರಬಂದ ಸೂಕ್ಷ್ಮ ಮರಿಯು ಈಜಿಹೋಗಿ, ಕೊಳೆಯುತ್ತಿರುವ ಕಾಂಡ್ಲಾ ಎಲೆಯಂತಹ ಆಸರೆಗೆ ಅಂಟಿಕೊಂಡು ಪಾಲಿಪ್ ಎಂಬ ಪುಟ್ಟ ಬಟ್ಟಲಿನ ರೂಪ ತಳೆಯುತ್ತದೆ. ಪಾಲಿಪ್ ತಿಂಗಳುಗಟ್ಟಲೆ ಹಾಗೆಯೇ ಇರಬಲ್ಲುದು. ಮೊಗ್ಗುಗಳನ್ನು ಉದುರಿಸಿ ಇನ್ನಷ್ಟು ಪಾಲಿಪುಗಳಾಗಿ ಹೆಚ್ಚಬಲ್ಲುದು. ನೀರು ಬೆಚ್ಚಗಾಗಿ, ಪಾಚಿಯೂ ಒಳಹೊಕ್ಕ ಮೇಲೆ ಮಾತ್ರ ಸಾಮಾನ್ಯವಾಗಿ ಅದರ ತುದಿ ಕಳಚಿ ಎಫಿರಾ ಎಂಬ ನಕ್ಷತ್ರಾಕಾರದ ಎಳೆಯ ಅಂಬಲಿಮೀನಾಗುತ್ತದೆ. ಬೇರೆ ಎಷ್ಟೋ ಜಾತಿಗಳ ಪಾಲಿಪುಗಳು ತಟ್ಟೆಗಳ ಅಟ್ಟಿಯಂತೆ ಹತ್ತಾರು ಎಫಿರಾಗಳನ್ನು ಒಮ್ಮೆಲೇ ಕಳಚಿದರೆ, ಕ್ಯಾಸಿಯೋಪಿಯದ್ದು ಒಂದು ಸಲಕ್ಕೆ ಒಂದೇ.

ಕೊಡೆಯ ಅಂಚಿನಲ್ಲಿ ಸಮತೋಲದ ಅಂಗಗಳಿವೆ. ಅವುಗಳೊಳಗೆ ಇರುವ ಹರಳುಗಳ ಭಾರದಿಂದ ಯಾವುದು ಮೇಲು ಯಾವುದು ಕೆಳಗೆಂಬುದು ಪ್ರಾಣಿಗೆ ತಿಳಿಯುತ್ತದೆ. ಈ ಹರಳು ಸುಣ್ಣದಕಲ್ಲಲ್ಲ, ಅರ್ಧಜಲಯುಕ್ತ ಕ್ಯಾಲ್ಸಿಯಂ ಸಲ್ಫೇಟು — ಅಂದರೆ ನಾವು ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದು ಕರೆಯುವ ವಸ್ತು! ವಾಡಿಯ ವಿದ್ಯಾರ್ಥಿಗಳಿಗೆ ಇದು ದೂರದ ಸಂಬಂಧಿಯಲ್ಲ. ಸಿಮೆಂಟು ಬೇಗನೆ ಗಟ್ಟಿಯಾಗದಂತೆ ಕ್ಲಿಂಕರಿನೊಡನೆ ಅರೆಯುವ ಜಿಪ್ಸಮ್ ಅನ್ನು ಕಾಯಿಸಿದರೆ ದೊರೆಯುವುದು ಇದೇ. 1991ರ ಜೂನ್‌ನಲ್ಲಿ ಕೊಲಂಬಿಯ ಗಗನನೌಕೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಳೆಯ ಅಂಬಲಿಮೀನುಗಳನ್ನು ಕಳುಹಿಸಿದ್ದರು. ಅವು ಬೇರೊಂದು ಜಾತಿಯವು. ತೂಕವೆಂಬುದೇ ಇಲ್ಲದಲ್ಲಿ ಬೆಳೆದವುಗಳಲ್ಲಿ ಕೆಲವು ಭೂಮಿಗೆ ಬಂದ ಮೇಲೆ ಸರಿಯಾಗಿ ಮಿಡಿಯಲಾರದೆ ಹೋದವು.

ಕುಟುಕುವ ಯಂತ್ರದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಚರ್ಮದಲ್ಲಿರುವ ಕುಟುಕುಕೋಶದೊಳಗೆ ಸುರುಳಿ ಸುತ್ತಿದ ಟೊಳ್ಳು ದಾರವೊಂದು ಒತ್ತಡದಲ್ಲಿ ಹುದುಗಿರುತ್ತದೆ. ಅಂಬಲಿಮೀನಿನ ಬಂಧುವಾದ ಹೈಡ್ರಾದಲ್ಲಿ ಈ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 150ರಷ್ಟು. ಲಾರಿಯ ಚಕ್ರದ ಗಾಳಿಯ ಒತ್ತಡ ಎಂಟು ಒಂಬತ್ತರಷ್ಟು ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿದೀತು. 2006ರಲ್ಲಿ ಅತಿವೇಗದ ಕ್ಯಾಮರಾದಿಂದ ಅಳೆದಾಗ ಮುಳ್ಳು ಹೊರನುಗ್ಗಲು ಹಿಡಿದ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ವೇಗೋತ್ಕರ್ಷವು ಗುರುತ್ವದ ಐವತ್ತು ಲಕ್ಷ ಪಟ್ಟಿಗೂ ಮಿಕ್ಕು. ಕ್ಯಾಸಿಯೋಪಿಯ ಇನ್ನೊಂದು ಉಪಾಯವನ್ನೂ ಕಲಿತಿದೆ. ಅದನ್ನು ಕೆಣಕಿದರೆ ಲೋಳೆಯೊಡನೆ ಕುಟುಕುಕೋಶಗಳ ಸೂಕ್ಷ್ಮ ಉಂಡೆಗಳನ್ನೇ ನೀರಿಗೆ ಬಿಡುತ್ತದೆ. ಮುಟ್ಟದೆ ಹತ್ತಿರ ಈಜಿದವರಿಗೂ ಮೈ ಉರಿಯುವುದೇಕೆಂಬ ಪ್ರಶ್ನೆಗೆ ಈ ಉತ್ತರ ದೊರೆತದ್ದು 2020ರಲ್ಲಿ. ನಾವು ತೊಟ್ಟಿಗೆ ಕೈ ಹಾಕುವಾಗಲೆಲ್ಲ ರಬ್ಬರಿನ ಕೈಚೀಲ ತೊಡುತ್ತಿದ್ದೆವು.

ಈಗ ಸಾಕಣೆಯ ವಿಷಯ. ತೇಲುವ ಜಾತಿಗಳನ್ನು ಸಾಕುವುದು ಬಹಳ ಕಷ್ಟ. ಚೌಕದ ತೊಟ್ಟಿಯ ಮೂಲೆಗೆ ಸಿಕ್ಕಿದರೆ ಅವು ಹರಿದುಹೋಗುತ್ತವೆ. ಗಾಳಿಯ ಗುಳ್ಳೆ ಕೊಡೆಯೊಳಗೆ ಸೇರಿದರೆ ಅಂಗಾಂಶ ತೂತಾಗುತ್ತದೆ. ಇದಕ್ಕಾಗಿ ಜರ್ಮನಿಯ ವುಲ್ಫ್ ಗ್ರೆವೆ ಎಂಬಾತ ದುಂಡನೆಯ ತೊಟ್ಟಿಯಲ್ಲಿ ನೀರನ್ನು ಮೆಲ್ಲಗೆ ಸುತ್ತುವಂತೆ ಮಾಡುವ ಉಪಕರಣವನ್ನು 1960ರ ದಶಕದಲ್ಲಿ ರೂಪಿಸಿದ. ಇಂದು ದೊಡ್ಡ ಮತ್ಸ್ಯಾಲಯಗಳಲ್ಲಿ ಕಾಣುವ ಅಂಬಲಿಮೀನಿನ ತೊಟ್ಟಿಗಳೆಲ್ಲ ಅದರ ಸಂತತಿ. ಕ್ಯಾಸಿಯೋಪಿಯಕ್ಕೆ ಇದಾವುದೂ ಬೇಡ. ತಳವಿದ್ದರೆ ಸಾಕು, ಮಲಗುತ್ತದೆ. ಆದುದರಿಂದಲೇ ನಾವು ಇದನ್ನು ಆರಿಸಿಕೊಂಡೆವು.

ಮುಂಬಯಿಯ ವ್ಯಾಪಾರಿಯೊಬ್ಬರಿಂದ ಕೊಂಡು, ಆಮ್ಲಜನಕ ತುಂಬಿದ ಚೀಲದಲ್ಲಿ, ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು, ರಾತ್ರಿಯ ರೈಲಿನಲ್ಲಿ ವಾಡಿ ಜಂಕ್ಷನ್ನಿಗೆ ತಂದೆವು. ಪ್ರತಿಯೊಂದರ ಅಗಲ ಅಂಗೈಗಿಂತ ತುಸು ಕಡಿಮೆ. ತೊಟ್ಟಿಯ ತಳ 50 ಸೆಂಟಿಮೀಟರು ಉದ್ದ, 40 ಅಗಲ. ನೀರಿನ ಆಳ 30. ಅಂದರೆ 60 ಲೀಟರು. ಲೀಟರಿಗೆ 35 ಗ್ರಾಮಿನಂತೆ 2.1 ಕಿಲೋಗ್ರಾಂ ಸಮುದ್ರದ ಲವಣಮಿಶ್ರಣ. ಅಡುಗೆಯ ಉಪ್ಪು ಏಕಾಗದೆಂದು ಕೆಲವರು ಕೇಳಿದರು. ಸಮುದ್ರದ ಲವಣದಲ್ಲಿ ಅಡುಗೆಯ ಉಪ್ಪು ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಉಳಿದುದರಲ್ಲಿ ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟಾಸಿಯಂಗಳಿವೆ. ಅವಿಲ್ಲದೆ ಸ್ನಾಯು ಮಿಡಿಯದು, ಹರಳು ಕಟ್ಟದು. ಶೋಧಕದ ಮರಳಿನಲ್ಲಿ ಅಮೋನಿಯವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯ ನೆಲೆಗೊಳ್ಳಲೆಂದು ಪ್ರಾಣಿಗಳನ್ನು ತರುವುದಕ್ಕೆ ಐದು ವಾರ ಮೊದಲೇ ತೊಟ್ಟಿಯನ್ನು ಓಡಿಸತೊಡಗಿದ್ದೆವು. ದಿನಕ್ಕೆ ಹನ್ನೊಂದು ಗಂಟೆ ಪ್ರಖರವಾದ ಬೆಳಕು. ದಿನ ಬಿಟ್ಟು ದಿನ, ಮೊಟ್ಟೆಯೊಡೆಸಿದ ಆರ್ಟೀಮಿಯ ಮರಿಗಳು.

ಏಪ್ರಿಲಿನ ಸೆಕೆಗೆ ಉಪಾಯ ಬೇಕಾಯಿತು. ನೆರಳಿನಲ್ಲಿಯೇ 40 ಡಿಗ್ರಿ ದಾಟುವ ನಮ್ಮ ಕಡೆ, ಅಷ್ಟು ಸೆಕೆಯನ್ನು ಹೆಚ್ಚು ಹೊತ್ತು ಸಹಿಸದ ಪ್ರಾಣಿಯನ್ನು ಇಡುವುದೆಂತು? ಮಣ್ಣಿನ ಹರವಿಯೇ ದಾರಿ ತೋರಿತು. ತೊಟ್ಟಿಯ ಹೊರಗೋಡೆಗೆ ಗೋಣಿತಟ್ಟು ಸುತ್ತಿ ಒದ್ದೆ ಮಾಡಿಟ್ಟೆವು. ಒಂದು ಲೀಟರು ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಆ ಶಾಖವೆಲ್ಲ ತೊಟ್ಟಿಯಿಂದಲೇ ಬಂದರೆ 60 ಲೀಟರು ನೀರು ಒಂಬತ್ತು ಡಿಗ್ರಿಗೂ ಹೆಚ್ಚು ತಣ್ಣಗಾಗಬೇಕು. ಬಹುಪಾಲು ಶಾಖ ಸುತ್ತಲಿನ ಗಾಳಿಯಿಂದ ಬರುವ ಕಾರಣ ನಮಗೆ ದೊರೆತದ್ದು ನಾಲ್ಕು ಡಿಗ್ರಿ. ಅಷ್ಟೇ ಸಾಕಾಯಿತು.

ಆದರೆ ಆವಿಯಾಗುವುದು ಗೋಣಿಯ ನೀರು ಮಾತ್ರವಲ್ಲವಷ್ಟೆ? ತೊಟ್ಟಿಯ ಮೇಲ್ಮೈಯಿಂದಲೂ ದಿನಕ್ಕೆ ಸುಮಾರು ಒಂದು ಸೆಂಟಿಮೀಟರು ಇಳಿಯುತ್ತಿತ್ತು. ಅಂದರೆ ಎರಡು ಲೀಟರು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆದುದರಿಂದ ಗುರುತಿನವರೆಗೆ ತುಂಬಬೇಕಾದದ್ದು ಉಪ್ಪಿಲ್ಲದ ನೀರು. ನಮ್ಮ ಕೊಳವೆಬಾವಿಯ ನೀರೂ ಸಲ್ಲದು. ಸುಣ್ಣದಕಲ್ಲಿನ ನಡುವೆ ಹರಿದುಬಂದ ಅದು ಗಡಸು. ಅದರಲ್ಲಿ ಲೀಟರಿಗೆ ಅರ್ಧ ಗ್ರಾಂ ಲವಣವಿದೆಯೆಂದು ಹಿಡಿದರೆ, ದಿನಕ್ಕೊಂದು ಸೆಂಟಿಮೀಟರಿನಂತೆ ಮೂವತ್ತು ದಿನ ತುಂಬಿದಾಗ ಒಂದು ಪೂರ್ತಿ ತೊಟ್ಟಿಯ ಬಾವಿನೀರಿನ ಲವಣ ಒಳಗೆ ಕೂಡಿಬೀಳುತ್ತದೆ. ಇದನ್ನೆಲ್ಲ ಲೆಕ್ಕಹಾಕಿ ಭಟ್ಟಿಯಿಳಿಸಿದ ನೀರನ್ನು ತಂದಿಟ್ಟಿದ್ದೆವು. ಪಕ್ಕದಲ್ಲಿಯೇ ತೊಟ್ಟಿಯ ನೀರು ಬದಲಿಸಲೆಂದು ಕಲಸಿಟ್ಟ ಉಪ್ಪುನೀರಿನ ಡ್ರಮ್ಮೂ ಇತ್ತು.

ಮೇ ತಿಂಗಳಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಹನ್ನೆರಡು ದಿನ ಹೊರಗೂರಿಗೆ ಹೋಗಬೇಕಾಯಿತು. ಪ್ರಯೋಗಶಾಲೆಯ ಸಹಾಯಕರಿಗೆ, “ದಿನಾ ಮುಂಜಾನೆ ಗುರುತಿನ ತನಕ ನೀರು ತುಂಬ್ರಿ” ಎಂದು ಹೇಳಿ ಹೋದೆವು. ಯಾವ ನೀರು ಎಂದು ಹೇಳಲಿಲ್ಲ. ಅವರು ಬುದ್ಧಿವಂತರು, ಶ್ರದ್ಧೆಯವರು. ಉಪ್ಪುನೀರಿನ ಪ್ರಾಣಿಗೆ ಉಪ್ಪುನೀರನ್ನೇ ಹಾಕಬೇಕೆಂದು ತಾವೇ ಯೋಚಿಸಿ, ಒಂದು ದಿನವೂ ತಪ್ಪದೆ ಡ್ರಮ್ಮಿನಿಂದ ಎರಡೆರಡು ಲೀಟರು ತುಂಬಿದರು. ಲೆಕ್ಕ ಹೀಗೆ: ಪ್ರತಿದಿನ 70 ಗ್ರಾಂ ಲವಣ, 60 ಲೀಟರಿಗೆ, ಅಂದರೆ ಲೀಟರಿಗೆ ಸುಮಾರು 1.17 ಗ್ರಾಂ. ಹನ್ನೆರಡು ದಿನಕ್ಕೆ 14 ಗ್ರಾಂ. ನಾವು ಹಿಂತಿರುಗಿ ಹೈಡ್ರೋಮೀಟರನ್ನು ಇಳಿಬಿಟ್ಟಾಗ 1.026 ಇರಬೇಕಾಗಿದ್ದದ್ದು 1.037 ತೋರಿಸಿತು. ಲೀಟರಿಗೆ 49 ಗ್ರಾಂ.

ಸಮುದ್ರದ ನೀರಿನ ಅಭಿಸರಣ ಒತ್ತಡ ವಾಯುಮಂಡಲದ ಸುಮಾರು 27 ಪಟ್ಟು. ಅಂಬಲಿಮೀನಿನ ಮೈನೀರು ಅದಕ್ಕೆ ಸಮವಾಗಿರುತ್ತದೆಯಾದ್ದರಿಂದ ಸಮುದ್ರದಲ್ಲಿ ಅದಕ್ಕೆ ಯಾವ ತೊಂದರೆಯೂ ಇಲ್ಲ. ಹೊರಗಿನ ಉಪ್ಪು ಏರಿದರೆ ತಡೆಯುವ ಚಿಪ್ಪಾಗಲಿ ಮೂತ್ರಪಿಂಡವಾಗಲಿ ಅದಕ್ಕಿಲ್ಲ. ಒಳಗಿನ ನೀರು ಹೊರಗೆ ಹರಿಯುತ್ತದೆ. ನೀರೊಂದೇ ಹೊರಹೋಗುವುದೆಂದು ಭಾವಿಸಿದರೆ ದೇಹದ ನೀರು 49ಕ್ಕೆ 35ರ ಪ್ರಮಾಣಕ್ಕೆ, ಅಂದರೆ ಹೆಚ್ಚುಕಡಮೆ ಏಳು ಹತ್ತಾಂಶಕ್ಕೆ ಕುಗ್ಗಬೇಕು. ಎರಡು ಪ್ರಾಣಿಗಳು ಕರಗಿ ಬಿಳಿಯ ಲೋಳೆಯಾಗಿದ್ದವು. ಮೂರನೆಯದು ಮುದುಡಿ ಬಿಸ್ಕತ್ತಿನಷ್ಟಾಗಿತ್ತು. ನಿಮಿಷಕ್ಕೆ ನಲವತ್ತರ ಸುಮಾರಿಗಿದ್ದ ಮಿಡಿತ ಹದಿನಾಲ್ಕಕ್ಕೆ ಇಳಿದಿತ್ತು. ಸಹಾಯಕರು ಬಾಗಿಲಲ್ಲಿ ನಿಂತು, “ನಾ ಏನರ ತಪ್ಪು ಮಾಡಿದ್ನೇನ್ರಿ ಸರ್?” ಎಂದು ಕೇಳಿದರು. ತಪ್ಪು ಅವರದ್ದಲ್ಲವೆಂದು ಹೇಳಿದೆವು. ಅವರು ನಂಬಿದರೋ ಇಲ್ಲವೋ.

ಒಮ್ಮೆಲೇ ಸಪ್ಪೆನೀರು ಸುರಿದರೆ ಉಳಿದುದೂ ಸಾಯುವುದು ಖಚಿತ. ದಿನಕ್ಕೆ ಎರಡೂವರೆ ಲೀಟರು ತೆಗೆದು ಅಷ್ಟೇ ಭಟ್ಟಿನೀರು ಸೇರಿಸುತ್ತ ಬಂದರೆ ಲವಣ ಪ್ರತಿದಿನವೂ ಇಪ್ಪತ್ತನಾಲ್ಕನೆಯ ಒಂದು ಭಾಗ ಕಡಿಮೆಯಾಗುತ್ತದೆ. ಎಂಟು ದಿನಗಳಲ್ಲಿ 49 ಇದ್ದದ್ದು 35ಕ್ಕೆ ಬರುತ್ತದೆ. ವಿದ್ಯಾರ್ಥಿಗಳೇ ಈ ಕೋಷ್ಟಕವನ್ನು ಗೋಡೆಗೆ ಅಂಟಿಸಿ, ಪಾಳಿಯ ಮೇಲೆ ಮಿಡಿತವನ್ನೆಣಿಸಿದರು. ಐದನೆಯ ದಿನ 22. ಒಂಬತ್ತನೆಯ ದಿನ 31. ಮೂರು ವಾರಗಳ ಮೇಲೆ ಅದು ಮತ್ತೆ ತಿನ್ನತೊಡಗಿತು.

ಈ ಎಣಿಕೆಯ ಅಭ್ಯಾಸದಿಂದ ಇನ್ನೊಂದು ಲಾಭವೂ ಆಯಿತು. 2017ರಲ್ಲಿ ಕ್ಯಾಲಿಫೋರ್ನಿಯ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ಕ್ಯಾಸಿಯೋಪಿಯ ರಾತ್ರಿ ನಿದ್ರಿಸುತ್ತದೆಯೆಂದು ತೋರಿಸಿದ್ದರು. ಹಗಲು ನಿಮಿಷಕ್ಕೆ ಸುಮಾರು 58 ಮಿಡಿತ, ರಾತ್ರಿ 39. ರಾತ್ರಿಯಿಡೀ ಕೆಣಕಿದರೆ ಮರುದಿನ ಮಂಕು. ಮಿದುಳೇ ಇಲ್ಲದ ಪ್ರಾಣಿಗೂ ನಿದ್ರೆ ಬೇಕೆಂಬುದು ವಿಜ್ಞಾನಿಗಳನ್ನು ಬಹಳ ಯೋಚಿಸುವಂತೆ ಮಾಡಿದ ಸಂಗತಿ. ನಮ್ಮ ಹುಡುಗಿಯರಿಬ್ಬರು ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ರಾತ್ರಿ ಒಂಬತ್ತಕ್ಕೆ ಎಣಿಸಿದಾಗ 27, ಮರುದಿನ ಮಧ್ಯಾಹ್ನ 38 ಬಂದಿತು. ಒಂದೇ ಪ್ರಾಣಿಯ ಎಣಿಕೆಯಿಂದ ಏನನ್ನೂ ಸಾಧಿಸಿದಂತಾಗದೆಂದು ಅವರಿಗೆ ಹೇಳಿದೆವಾದರೂ, ಅವರ ಮುಖದ ಹಿಗ್ಗನ್ನು ಕಂಡು ಹೆಚ್ಚು ಹೇಳಲಿಲ್ಲ.

ಕ್ಯಾಸಿಯೋಪಿಯ ಹಣ ಕೊಟ್ಟು ತರಿಸಿದ ಅತಿಥಿಯಾಯಿತು. ಕೃಷ್ಣೆಯ ನೀರಿನಲ್ಲಿಯೇ ಹುಟ್ಟಿದ ಅಂಬಲಿಮೀನೊಂದಿದೆ ಎಂಬುದನ್ನು ಎಷ್ಟು ಜನ ಬಲ್ಲರು? 1911ರಲ್ಲಿ ಶಂಕರ ಪುರುಷೋತ್ತಮ ಆಘಾರಕರರು ಸಾತಾರಾ ಜಿಲ್ಲೆಯ ಯೆಣ್ಣಾ ನದಿಯಲ್ಲಿ ಇದನ್ನು ಕಂಡರು. ಯೆಣ್ಣೆ ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಹೊಳೆ. ಆಘಾರಕರರು ವೃತ್ತಿಯಲ್ಲಿ ಸಸ್ಯಶಾಸ್ತ್ರದವರು! ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ನೆಲ್ಸನ್ ಆನಂಡೇಲರು ಅದೇ ವರ್ಷ ಅದಕ್ಕೆ ಲಿಮ್ನೊಕ್ನಿಡ ಇಂಡಿಕ ಎಂದು ಹೆಸರಿಟ್ಟರು. ಆ ಕುಲವು ಅಲ್ಲಿಯವರೆಗೆ ಆಫ್ರಿಕದ ನೀರುಗಳಿಂದ ಮಾತ್ರ ತಿಳಿದುಬಂದಿತ್ತು. ಬೆರಳ ತುದಿಯಷ್ಟೇ ಅಗಲದ, ಗಾಜಿನಂತೆ ಪಾರದರ್ಶಕವಾದ ಈ ಪ್ರಾಣಿ, ಬೇಸಗೆಯಲ್ಲಿ ಹೊಳೆಯ ಹರಿವು ನಿಂತು ಮಡುಗಳು ಉಳಿದಾಗ ಕಾಣಿಸಿಕೊಳ್ಳುತ್ತದೆ. ಮಳೆಗಾಲದ ಪ್ರವಾಹಕ್ಕೆ ಇಲ್ಲವಾಗುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣ ಪಾಲಿಪುಗಳು ಕಲ್ಲಿಗೆ ಅಂಟಿಕೊಂಡು ಕಾಯುತ್ತವೆ. ಇದರ ಕಷ್ಟ ಕ್ಯಾಸಿಯೋಪಿಯದ್ದಕ್ಕೆ ವಿರುದ್ಧವಾದುದು: ಸಿಹಿನೀರು ಸದಾ ಒಳನುಗ್ಗುತ್ತಿರುತ್ತದೆ, ಅದನ್ನು ಸದಾ ಹೊರಹಾಕುತ್ತಿರಬೇಕು.

ಚಿಂಚೋಳಿಯ ಮುಲ್ಲಾಮಾರಿ ಕಾಗಿಣೆಗೆ ಸೇರುತ್ತದೆ, ಸೇಡಂ, ಮಳಖೇಡಗಳನ್ನು ಹಾದುಬರುವ ಕಾಗಿಣೆ ಭೀಮೆಗೆ, ಭೀಮೆ ಕೃಷ್ಣೆಗೆ. ಮಾರ್ಚಿಯಿಂದ ಮೇವರೆಗೆ ಕಾಗಿಣೆಯಲ್ಲಿಯೂ ಅಂಥದೇ ಮಡುಗಳು ಉಳಿಯುತ್ತವೆ. ನಾವು ಎರಡು ಬೇಸಗೆ ಮಳಖೇಡದ ಕೋಟೆಯ ಕೆಳಗಿನ ಮಡುಗಳಲ್ಲಿ ನೋಡಿದೆವು, ಸಿಗಲಿಲ್ಲ. ನೀವು ನೋಡಬಯಸುವುದಾದರೆ ಬೆಳಗಿನ ಹೊತ್ತು, ಗಾಳಿಯಿಲ್ಲದಾಗ, ಬಿಸಿಲು ಓರೆಯಾಗಿ ಬೀಳುವ ದಡದಲ್ಲಿ ನಿಲ್ಲಿ. ನೆರಳಿನ ಹಿನ್ನೆಲೆಯಲ್ಲಿ ಮಿಡಿಯುವ ಬಿಳಿಯ ಉಂಗುರವನ್ನು ಹುಡುಕಿ. ನೀರು ತುಂಬಿದ ಹಳೆಯ ಕಲ್ಲುಗಣಿಗಳೂ ಇಂಥ ಪ್ರಾಣಿಗಳಿಗೆ ಒಗ್ಗುವ ತಾಣಗಳೇ. 1880ರಲ್ಲಿ ಲಂಡನ್ನಿನ ತಾವರೆತೊಟ್ಟಿಯೊಂದರಲ್ಲಿ ಕಂಡ ಕ್ರಾಸ್ಪಿಡಕಸ್ಟ ಎಂಬ ಸಿಹಿನೀರಿನ ಇನ್ನೊಂದು ಜಾತಿ ಅನೇಕ ದೇಶಗಳ ಗಣಿಹೊಂಡಗಳಲ್ಲಿ ದೊರೆತಿದೆ. ಆದರೆ ಶಹಾಬಾದ, ವಾಡಿಗಳ ಗಣಿಹೊಂಡಗಳು ಗೋಡೆಯಂತೆ ಕಡಿದಾಗಿವೆ, ಇಳಿದವರಿಗೆ ಹತ್ತಲು ಮೆಟ್ಟಿಲಿಲ್ಲ. ಹೊಂಡದೊಳಗೆ ಇಳಿಯಲೇಬಾರದು, ಉದ್ದನೆಯ ಹಗ್ಗಕ್ಕೆ ಕಟ್ಟಿದ ಗಾಜಿನ ಭರಣಿಯನ್ನು ಮೇಲಿನಿಂದ ಇಳಿಬಿಟ್ಟು, ಜೊತೆಗೊಬ್ಬರನ್ನಿಟ್ಟುಕೊಂಡು ನೋಡಬೇಕು.

ಸಿಕ್ಕಿದರೆ ಮನೆಗೆ ತರಬೇಡಿ. ಒಂದನ್ನು ಅದೇ ಹೊಳೆಯ ನೀರಿನಲ್ಲಿ, ಕಪ್ಪು ಬಟ್ಟೆಯ ಮುಂದೆ ಹಿಡಿದು ಛಾಯಾಚಿತ್ರ ತೆಗೆದು ಅಲ್ಲಿಯೇ ಬಿಟ್ಟುಬಿಡಿ. ದಿನಾಂಕ, ಸ್ಥಳ, ನೀರಿನ ಉಷ್ಣತೆ, ಎಷ್ಟು ಕಂಡವು ಎಂಬುದನ್ನು ಬರೆದುಕೊಂಡು, ಆನಂಡೇಲರೇ 1916ರಲ್ಲಿ ಮೊದಲ ನಿರ್ದೇಶಕರಾಗಿದ್ದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಪುಣೆಯ ಕೇಂದ್ರಕ್ಕೆ ಕಳುಹಿಸಿ. ಉಷ್ಣತಾಮಾಪಕ ಇಲ್ಲದವರು ನಮ್ಮ ಪ್ರಯೋಗಶಾಲೆಯಿಂದ ಒಯ್ಯಬಹುದು.